ಅವ್ವನ ಜ್ವರ

ಬಾಚಣಿಗೆ ಅರ್ಧಕ್ಕೆ ಬಂದಾಗ ಅವ್ವನ ತಲೆ ಎಡಕ್ಕೆ ವಾಲಿತು. ಮಣ್ಣಿಗೆ ಒಯ್ಯುವ ಮೊದಲು ಗೋಡೆಗೆ ಆನಿಸಿ ಕೂಡಿಸಿದ ದೇಹ. ಒಬ್ಬರು ಹಿಡಿದುಕೊಳ್ಳದೆ ಹೆರಳು ಹಾಕುವಂತಿರಲಿಲ್ಲ. ಗುರುದೇವಿ ಬಾಗಿಲ ಕಡೆ ನೋಡಿದಳು. ಅಲ್ಲಿ ಮಗಳು ಸೌಂದರ್ಯಾ ನಿಂತಿದ್ದಳು.

“ತಲಿ ಹಿಡಿ,” ಎಂದಳು. ತಿಂಗಳಿನಿಂದ ತಾಯಿ ಮಗಳು ಆಡಿದ ಮೊದಲ ಮಾತು ಅದು.

ಹುಡುಗಿ ಅಜ್ಜಿಯ ಗಲ್ಲವನ್ನು ಎರಡೂ ಕೈಯಲ್ಲಿ ಹಿಡಿದಳು. ಹೈದರಾಬಾದಿನ ಕೋಚಿಂಗ್ ಹಾಸ್ಟೆಲಿನಲ್ಲಿ ರಕ್ತ ಬರುವಂತೆ ಕಚ್ಚಿಕೊಂಡಿದ್ದ ಉಗುರುಗಳು ಈಗ ಬೆಳೆದಿದ್ದವು.

ಆ ಹಾಸ್ಟೆಲಿನಿಂದ ಅವಳು ಒಬ್ಬಳೇ ಬಸ್ಸು ಹತ್ತಿ, ಕಲಬುರಗಿಯ ಮನೆಗೆ ಬಾರದೆ, ದಾರಿಯಲ್ಲೇ ಕಮಲಾಪುರಕ್ಕೆ ಇಳಿದು ಅಜ್ಜಿಯ ಮನೆ ಸೇರಿದ್ದಳು. ಅವತ್ತೇ ಅವ್ವ ಫೋನ್ ಮಾಡಿದ್ದಳು. “ನನ್ನ ಮೊಣಕಾಲು ಹಿಡದಾವ, ಏಳ್ಲಾಕ ಬರವಲ್ದು. ಹುಡುಗಿ ಇರ್ಲಿ ನನ್ನ ಹತ್ರ.”

“ನೀನೇ ಆಕಿನ ಕೆಡಸ್ಲಾಕತ್ತಿ,” ಎಂದು ಫೋನ್ ಇಟ್ಟ ಗುರುದೇವಿ ಮತ್ತೆ ಮಾತಾಡಿರಲಿಲ್ಲ. ಹಾಸ್ಟೆಲಿನಲ್ಲಿ ಸೀಟು ಉಳಿಸಿಡಲು ಹೇಳಿದವಳೂ ಅವಳೇ.

ಪಕ್ಕದ ಮನೆಯ ಪುತಳಾಬಾಯಿ ಹೂವಿನ ಬುಟ್ಟಿ ತಂದಿಟ್ಟು ಕೂತಳು.

“ಕಡೀಕ ಮೊಣಕಾಲು ನೋವು ಭಾಳ ತಿಂದಳಲ್ಲ, ಕಾಕು,” ಎಂದಳು ಗುರುದೇವಿ.

“ಯಾರ ಮೊಣಕಾಲು? ಮೊನ್ನೀತನಕ ನನಗಿಂತ ಮುಂದ ಹೊಲಕ್ಕ ಹೋಗತಿದ್ದಳು ನಿಮ್ಮವ್ವ. ನಿನ್ನ ಗಂಡ ಬಂದ್ರ ಕಾಣ್ಲಿ ಅಂತ ಬಾಗಲಾಗ ಒಂದು ಕೋಲು ಇಟ್ಟಿದ್ದಳು, ಅಷ್ಟೇ.”

ಸೌಂದರ್ಯಾ ತಲೆ ತಗ್ಗಿಸಿದಳು.

“ಆಕಿಗಿದು ಹೊಸದೇನಲ್ಲ ಬಿಡು. ನಿನ್ನ ಸಲುವಾಗಿ ಜ್ವರ ತಂದುಕೊಂಡಿದ್ದು ಮರತಿಯೇನು?”

*

ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಗುರುದೇವಿ ಗುಲ್ಬರ್ಗಾದ ಹಾಸ್ಟೆಲಿನಿಂದ ಹೇಳದೆ ಕೇಳದೆ ಮನೆಗೆ ಬಂದಿದ್ದಳು. ಅಪ್ಪ ಹೊಲದಿಂದ ಬರುವಷ್ಟರಲ್ಲಿ ಅವ್ವ ಕೌದಿ ಹೊದ್ದು ಮಲಗಿದ್ದಳು.

“ನಾನೇ ಕರಿಸೀನಿ. ಜ್ವರ ಬಂದಾವ. ರೊಟ್ಟಿ ಬಡಿಯೋರು ಬ್ಯಾಡೇನು?”

ಅಪ್ಪ ಎತ್ತಿದ ದನಿ ಇಳಿಸಿದ. ಗುರುದೇವಿ ಬಡಿದ ಸೊಟ್ಟ ರೊಟ್ಟಿ ನೋಡಿ ಅವ್ವ ಮಲಗಿದಲ್ಲೇ ನಕ್ಕಳು. ಯಾಕೆ ಬಂದೆ ಎಂದು ಮಾತ್ರ ಒಮ್ಮೆಯೂ ಕೇಳಲಿಲ್ಲ. ಒಂದು ಮುಂಜಾನೆ ಗುರುದೇವಿಯೇ ಚೀಲ ಹೆಗಲಿಗೇರಿಸಿ, “ಹೋಗ್ತೀನವ್ವಾ,” ಎಂದಳು. ಅವ್ವನ ಜ್ವರ ಅವತ್ತೇ ಬಿಟ್ಟಿತು. ಆ ಜ್ವರವನ್ನು ದೇವರೇ ಕಳಿಸಿದ್ದನೆಂದು ಗುರುದೇವಿ ಇಷ್ಟು ವರ್ಷ ನಂಬಿದ್ದಳು.

*

“ನಿಮ್ಮಪ್ಪನ ಮುಂದ ಗಂಜಿ ಕುಡೀತಿದ್ದಳು,” ಎಂದಳು ಪುತಳಾಬಾಯಿ. “ಆತ ಅತ್ತಾಗ ಹೋದ ಕೂಡ್ಲೇ ಹಿತ್ತಲಾಗ ನಮ್ಮನಿ ರೊಟ್ಟಿ ಪಲ್ಯ.”

ಸುತ್ತ ಕೂತಿದ್ದ ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು. ನಗುತ್ತಲೇ ಅತ್ತರು. ಗುರುದೇವಿ ಅವ್ವನ ಹೆರಳನ್ನು ಬಿಚ್ಚಿ ಇನ್ನೊಮ್ಮೆ ಹಾಕಿದಳು.

ಸಂಜೆ ಮಣ್ಣು ಕೊಟ್ಟು ಬಂದು, ಅಂಗಳದಲ್ಲಿ ಕಾಲು ತೊಳೆಯುತ್ತ ಗಂಡ ವಿವೇಕಾನಂದ ಹೇಳಿದ: “ಹಾಸ್ಟೆಲಿಗೆ ಫೋನ್ ಮಾಡೀನಿ. ನಾಳಿ ಮುಂಜಾನಿ ನಾನೇ ಆಕಿನ ಬಿಟ್ಟು ಬರ್ತೀನಿ. ಇನ್ನ ಇಲ್ಲಿ ಆಕಿದೇನು ಕೆಲಸ?”

ಬಾಗಿಲ ಮೂಲೆಯ ಕೋಲಿನ ಪಕ್ಕದಲ್ಲಿ ನಿಂತಿದ್ದ ಸೌಂದರ್ಯಾಳ ಹೆಬ್ಬೆರಳು ಬಾಯಿಗೆ ಹೋಯಿತು.

ಗುರುದೇವಿ ಒಳಗೆ ಹೋಗಿ ಅವ್ವನ ಕೌದಿ ಎಳೆದುಕೊಂಡು ಕುತ್ತಿಗೆಯವರೆಗೆ ಹೊದ್ದು ಮಲಗಿದಳು.

“ಏನಾತು?” ವಿವೇಕಾನಂದ ಹಿಂದೆಯೇ ಬಂದ.

“ಜ್ವರ ಬಂದಾವರೀ. ಆಕಿ ಇರ್ಲಿ ನನ್ನ ಹತ್ರ.”

“ಎಷ್ಟು ದಿನ?”

“ಬಿಡೋತನಕ.”

ಅವನು ಮಗಳತ್ತ ತಿರುಗಿದ. “ಹಣಿ ಮುಟ್ಟಿ ನೋಡು.”

ಸೌಂದರ್ಯಾ ಮಗ್ಗುಲಲ್ಲಿ ಕೂತು ಹಣೆಯ ಮೇಲೆ ಕೈಯಿಟ್ಟಳು. ಹಣೆ ತಣ್ಣಗಿತ್ತು. ಅವಳು ತಾಯಿಯ ಮುಖವನ್ನೇ ನೋಡಿದಳು. ಕೈ ಮಾತ್ರ ತೆಗೆಯಲಿಲ್ಲ.

“ಸುಡ್ಲಾಕತ್ತದ, ಪಪ್ಪಾ,” ಎಂದಳು.