ಆಕಾಶ ಸಿಗದ ನಲವತ್ತಮೂರು ಮನೆ

ಯಮನೂರ ಉರಿಬಿಸಿಲಲ್ಲಿ ಪೋಲ್ ಹಿಡಿದು ನಿಂತಿದ್ದ. ಆಳಿಗಿಂತ ಎತ್ತರದ ಪೋಲ್. ತುದಿಯಲ್ಲಿ ಉಪಗ್ರಹದ ಸಿಗ್ನಲ್ ಹಿಡಿಯುವ ಯಂತ್ರ. ನಡುವೆ ಸಣ್ಣ ಗಾಜಿನೊಳಗೆ ಒಂದು ಗುಳ್ಳೆ. ಗುಳ್ಳೆ ಪಕ್ಕಕ್ಕೆ ಸರಿದರೆ ಅಳತೆ ಕೆಟ್ಟಂತೆ. ಮುಖದ ಮೇಲೆ ನೊಣ ಕೂತರೂ ಕೈ ಎತ್ತುವಂತಿಲ್ಲ. ಒಂದೊಂದು ಮನೆಯ ಬಾಗಿಲಲ್ಲಿ ಹೀಗೆ ಒಂದೊಂದು ಗಂಟೆ. ಪೋಲ್ ನಿಲ್ಲಿಸಲು ಸ್ಟ್ಯಾಂಡ್ ಸಿಗುತ್ತದೆ. ಸರ್ವೆಯ ಗುತ್ತಿಗೆ ಹಿಡಿದ ಕಂಪನಿ ಕೊಡಲಿಲ್ಲ. ಇವನನ್ನೇ ಸ್ಟ್ಯಾಂಡ್ ಮಾಡಿತು.

ಬೇರೆ ಕಡೆ ಐದು ನಿಮಿಷ ಸಾಕು. ಹೂಡಿಯ ಈ ತಗಡಿನ ಶೆಡ್ಡುಗಳಿಗೆ ಸಾಲದು. ಪಕ್ಕದಲ್ಲೇ ಇಪ್ಪತ್ತು ಮಹಡಿಯ ಅಪಾರ್ಟ್‌ಮೆಂಟ್ ಎದ್ದಿದೆ, ಅರ್ಧ ಆಕಾಶವನ್ನೇ ಮುಚ್ಚಿ ಸಿಗ್ನಲ್ ತಡೆದಿದೆ. ಅದನ್ನು ಕಟ್ಟಿದವರು ಕೊಪ್ಪಳದ ಕಡೆಯಿಂದ ಬಂದ ಈ ಶೆಡ್ಡಿನ ಜನವೇ. ಒಟ್ಟು ನಲವತ್ತಮೂರು ಮನೆ. ಹದಿನೇಳನೆಯದು ಯಮನೂರನದು.

ರಸ್ತೆ ಅಗಲ ಮಾಡಲು ನಕ್ಷೆ ತಯಾರಾಗುತ್ತಿತ್ತು. ನಕ್ಷೆಯಲ್ಲಿ ಕಂಡ ಮನೆಗೆ ಬದಲಿ ಮನೆ. ಕಾಣದಿದ್ದರೆ ಬೀದಿ.

ನಾನು ಮಂಜುಶ್ರೀ. ಅದೇ ಕಂಪನಿಯ ಮಹದೇವಪುರದ ಸರ್ವೆ ಆಫೀಸಿನಲ್ಲಿ ಗುತ್ತಿಗೆ ಕೆಲಸ. ಅಳತೆಯ ಫೈಲುಗಳನ್ನು ದಿನವಾರು ಫೋಲ್ಡರ್‌ಗಳಲ್ಲಿ ಜೋಡಿಸಿಡುತ್ತೇನೆ. ಕೆಟ್ಟ ಅಳತೆಗೆ 'ರಿಜೆಕ್ಟ್' ಎಂಬ ಫೋಲ್ಡರ್ ಇದೆ. ನಕ್ಷೆ ಮಾಡುವ ಸಾಫ್ಟ್‌ವೇರ್ ಅದರೊಳಗೆ ಇಣುಕುವುದೂ ಇಲ್ಲ.

ಏಳನೇ ದಿನ ಯಮನೂರ ಯಂತ್ರ ಒಪ್ಪಿಸಲು ಬಂದ. ಅಂಗೈಯೆಲ್ಲ ಬೊಬ್ಬೆ.

"ಅಕ್ಕಾರ, ನಮ್ಮನಿ ಬಂದೈತೇನ್ರಿ?"

"ನೋಡಣ್ಣ, ನಲವತ್ತಮೂರೂ ಪಕ್ಕಾ ಬಂದಿವೆ. ಒಂದೂ ಕೆಟ್ಟಿಲ್ಲ."

"ನಮ್ಮವ್ವಗ ಹೇಳ್ತೀನ್ರಿ. ಇದೇ ಚಿಂತ್ಯಾಗ ಸರಿಯಾಗಿ ಉಂಡಿಲ್ಲ ಅಕಿ."

ನಗುತ್ತಾ ಹೋದ.

ಮರುದಿನ ಮ್ಯಾನೇಜರ್ ವಿಶ್ವನಾಥ್ ಏಲಕ್ಕಿ ಅಗಿಯುತ್ತಾ ನನ್ನ ಕುರ್ಚಿಯ ಹಿಂದೆ ನಿಂತರು.

"ಹೂಡಿ ಶೆಡ್ ಫೈಲ್ಸ್ ಎಲ್ಲಾ ರಿಜೆಕ್ಟ್‌ಗೆ ಹಾಕಮ್ಮ. ಅಷ್ಟೊಂದು ಬದಲಿ ಮನೆ ಕೊಡೋಕೆ ಮೇಲಿನವರಿಗೆ ಇಷ್ಟ ಇಲ್ಲ."

"ಸಾರ್, ಅಳತೆ ಕರೆಕ್ಟಾಗಿದೆ."

"ಬಿಲ್ಡಿಂಗ್ ಪಕ್ಕ ಸಿಗ್ನಲ್ ಸಿಗಲಿಲ್ಲ ಅಂತ ರಿಪೋರ್ಟಲ್ಲಿ ಬರಿ. ಯಾರ್ ಕೇಳ್ತಾರೆ?"

"ಒಂದೊಂದು ಮನೆಗೂ ಒಂದ್ ಗಂಟೆ ನಿಂತಿದ್ದಾನೆ ಸಾರ್ ಅವನು."

"ನಿಂತ್ಕೊಳ್ಳೋಕೆ ತಾನೇ ಅವನಿರೋದು? ನಿನ್ ಕಾಂಟ್ರ್ಯಾಕ್ಟ್ ಈ ತಿಂಗಳು ರಿನ್ಯೂ ಆಗ್ಬೇಕಲ್ವಾ?"

ಫೈಲುಗಳನ್ನೆಲ್ಲ ರಿಜೆಕ್ಟ್ ಫೋಲ್ಡರ್‌ಗೆ ಎಳೆದು ಹಾಕಿದೆ. ಹೌದು, ನಾನೇ. ಒಂದು ಬೆರಳು ಆಡಿಸಿದ್ದಷ್ಟೇ, ನಲವತ್ತಮೂರು ಮನೆ ಹೋದವು. ನಕ್ಷೆಯಲ್ಲಿ 'ಖಾಲಿ ಜಾಗ' ಎಂದು ಟೈಪ್ ಮಾಡಿದವಳೂ ನಾನೇ. ಆ ಕೈಯಲ್ಲಿ ಅನ್ನ ಕಲಸಲು ಹೇಸಿಗೆಯಾಯಿತು.

ಹದಿನೈದು ದಿನಕ್ಕೆ ಜೆಸಿಬಿ ಹೊರಟಿತು. ನಾನು ಕೆಲಸಕ್ಕೆ ಹೋಗದೆ ಹೂಡಿಗೆ ಹೋದೆ. ಚೀಲದಲ್ಲಿ ಆ ನಲವತ್ತಮೂರು ಅಳತೆಗಳ ಪ್ರಿಂಟ್ ಇತ್ತು.

"ಏಯ್, ಬೇಗ ಬೇಗ ಖಾಲಿ ಮಾಡ್ರಿ!" ಜೆಸಿಬಿ ಜೊತೆ ಬಂದಿದ್ದ ಅಧಿಕಾರಿ ನಕ್ಷೆ ಬೀಸುತ್ತಾ ಕೂಗುತ್ತಿದ್ದ.

ಯಮನೂರ ಆ ನಕ್ಷೆ ಇಸಿದುಕೊಂಡು ನೋಡಿದ. ಅಪಾರ್ಟ್‌ಮೆಂಟ್ ಇತ್ತು. ಲೈಟು ಕಂಬಗಳಿದ್ದವು. ಅಪಾರ್ಟ್‌ಮೆಂಟಿನ ಕಸದ ತೊಟ್ಟಿಯೂ ಇತ್ತು. ಅವನ ಮನೆ ಇರಲಿಲ್ಲ. ನನ್ನ ಕಡೆ ತಿರುಗಿದ.

"ನಕ್ಷೆಯಿಂದ ನಾನೇ ತೆಗೆದಿದ್ದಣ್ಣ," ಎಂದು ಪ್ರಿಂಟ್ ಚಾಚಿದೆ.

"ಥೂ!" ಎಂದ. ನನ್ನ ಕಾಲ ಬಳಿ ಉಗಿದ. ಆಮೇಲೆ ಕಾಗದಗಳನ್ನು ಕಿತ್ತುಕೊಂಡು ಬಾಗಿಲಿಂದ ಬಾಗಿಲಿಗೆ ಹಂಚುತ್ತಾ ಹೋದ.

ಅವನ ತಾಯಿ ಸಿದ್ದಕ್ಕ ಅಧಿಕಾರಿಯ ಎದುರು ಬಂದಳು. "ಈ ಜಾಗಕ್ಕ ಏನಂತ ಬರದೀರಿ ಸಾಹೇಬ್ರ?"

"ಖಾಲಿ ಜಾಗ ಅಂತ."

"ಖಾಲಿ ಐತಿ ಅಂದ್ರ, ಖಾಲಿ ಮಾಡ್ರಿ ಅಂತ ಯಾರಿಗೆ ಒದರಾಕತ್ತೀರಿ?"

ಅಷ್ಟರಲ್ಲಿ ಒಂದೊಂದು ಬಾಗಿಲಲ್ಲೂ ಒಬ್ಬೊಬ್ಬರು ಕಾಗದ ಹಿಡಿದು ನಿಂತರು. ಜೆಸಿಬಿಯ ಚಾಲಕ ಎಂಜಿನ್ ಆಫ್ ಮಾಡಿದ.

ಯಮನೂರ ಹದಿನೇಳನೆಯ ಬಾಗಿಲಲ್ಲಿ ನಿಂತ. ಕೈಯಲ್ಲಿ ಪೋಲ್ ಇರಲಿಲ್ಲ.

"ನಿಮ್ಮ ನಕ್ಷಾಕ್ಕ ಒಂದೊಂದು ತಾಸು ನಿಂತೆ ಸಾಹೇಬ್ರ. ಇವತ್ತು ನಮ್ಮ ಸಲುವಾಗಿ ನಿಂತೀವಿ. ತಾಸು ಎಣಸಂಗಿಲ್ಲ."