ತೊಳೆಯದ ನಳಿಗೆ

"ಏನ್ ವಿಲ್ಫ್, ಮೋರಿ ಗೀರಿ ಕಟ್ಕೊಂಡಿದ್ಯಾ?" ಎಂದ ಪ್ರಾಕ್ಟರ್, ಮೂಗಿಗೆ ಕೋಟಿನ ತೋಳು ಒತ್ತಿಕೊಂಡು.

ವಿಲ್ಫ್ ಆಗಷ್ಟೇ ಉಕ್ಕಿನ ಬೀರುವಿನ ಬಾಗಿಲು ತೆಗೆದಿದ್ದ. ಮಹಡಿಯ ಆ ಸಣ್ಣ ಕೋಣೆಯಲ್ಲಿ ಇಬ್ಬರು ಗಂಡಸರು ನಿಂತರೆ ಮೂರನೆಯವರಿಗೆ ಜಾಗವಿರಲಿಲ್ಲ. ಅದಕ್ಕೇ ವಿಲ್ಫ್‌ನ ಹೆಂಡತಿ ಡೋರೀನ್ ಬಾಗಿಲ ಹೊರಗೆ ನಿಂತಿದ್ದಳು. ಕೊಳೆತ ಮೊಟ್ಟೆಯಂಥ ವಾಸನೆ ಅವಳವರೆಗೂ ಬಂತು. ಅದೇನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮದುವೆಯಾದಾಗಿನಿಂದ ಭಾನುವಾರ ಸಂಜೆಗಳಲ್ಲಿ ಮೂಗಿಗೆ ಬಡಿಯುತ್ತಿದ್ದ ವಾಸನೆ. ಆದರೆ ಇವತ್ತು ಮಂಗಳವಾರ.

"ಹೌದು, ಹಿತ್ತಲ ಮೋರಿ," ಎಂದ ವಿಲ್ಫ್. "ತೆಗೀಬೇಕು ಇವತ್ತು ನಾಳೆ."

ವಿಲ್ಫ್‌ಗೆ ಸುಳ್ಳು ಹೇಳಲು ಬರುವುದಿಲ್ಲ. ಹೇಳಿದರೆ ಕಿವಿ ಕೆಂಪಾಗುತ್ತದೆ, ಇಡೀ ಊರಿಗೆ ಗೊತ್ತಾಗುತ್ತದೆ. ಇವತ್ತು ಅವನ ಕಿವಿ ಕೆಂಪಾಗಲಿಲ್ಲ. ಡೋರೀನಳಿಗೆ ನಿಜವಾಗಿ ಹೆದರಿಕೆಯಾದದ್ದು ಅದಕ್ಕೆ.

ಪ್ರಾಕ್ಟರ್ ಪೊಲೀಸ್ ಇಲಾಖೆಯಲ್ಲಿ ಬಂದೂಕು ಪರವಾನಗಿ ನೋಡಿಕೊಳ್ಳುವವನು. ಪರವಾನಗಿ ನವೀಕರಿಸುವ ಕಾಲ ಬಂದಾಗಲೆಲ್ಲ ಬರುತ್ತಿದ್ದ. ಬೀರು ಗೋಡೆಗೆ ಭದ್ರವಾಗಿದೆಯೇ ಎಂದು ಅಲ್ಲಾಡಿಸಿ, ಒಂದೊಂದೇ ಬಂದೂಕಿನ ನಂಬರು ಓದಿಕೊಂಡು, ಡೋರೀನಳ ಶುಂಠಿ ಕೇಕು ತಿಂದು ಹೋಗುತ್ತಿದ್ದ. ಒಳ್ಳೆಯ ಮನುಷ್ಯ. ಹಳೆಯ ಬಂದೂಕುಗಳಿಗೆ ತುಂಬುವ ಕರಿಮದ್ದು ಮಾತ್ರ ಅವನು ಜನ್ಮದಲ್ಲಿ ಮೂಸಿದವನಲ್ಲ.

ವಿಲ್ಫ್ ಬಂದೂಕುಗಳನ್ನು ತೆಗೆದು ಕೊಡತೊಡಗಿದ. ಎಲ್ಲವೂ ವಿಕ್ಟೋರಿಯಾ ರಾಣಿಯ ಕಾಲದವು, ಒಂದು ಸಲಕ್ಕೆ ಒಂದೇ ತೋಟಾ ಹಿಡಿಯುವ ಬೇಟೆ ಬಂದೂಕುಗಳು. ಬ್ರಿಸ್ಟಲಿನಲ್ಲಿ ಮಾಡಿದ್ದೊಂದು, ಬರ್ಮಿಂಗ್‌ಹ್ಯಾಮಿನದೊಂದು, ಕಾಗೆ ಹೊಡೆಯಲೆಂದೇ ಮಾಡಿದ ಪುಟ್ಟದೊಂದು. ಕೊನೆಯದು ಎಡಿನ್‌ಬರೋದ್ದು, ಮಾಡಿದವನ ಹೆಸರಲ್ಲೇ ಕರೆಯುವ ಹೆನ್ರಿ. ಟ್ರಿಗರ್ ಕೆಳಗಿನ ಸನ್ನೆಕೋಲನ್ನು ಒತ್ತಿದರೆ ನಳಿಗೆಯ ಬುಡ ಮುಚ್ಚಿರುವ ಉಕ್ಕಿನ ತುಂಡು ಬೆಣ್ಣೆಯೊಳಗೆ ಇಳಿದಂತೆ ಕೆಳಗಿಳಿಯುತ್ತದೆ. ಅದನ್ನು ತೋರಿಸದೆ ವಿಲ್ಫ್ ಯಾರನ್ನೂ ಈ ಕೋಣೆಯಿಂದ ಬಿಟ್ಟವನಲ್ಲ. ಹಿಂದಿನ ಸಲ ಪ್ರಾಕ್ಟರ್ ಮೂರು ಸಲ ಗಡಿಯಾರ ನೋಡಿಕೊಂಡಿದ್ದ, ವಿಲ್ಫ್‌ನ ಹೆನ್ರಿ ಪುರಾಣ ಮಾತ್ರ ಮುಗಿದಿರಲಿಲ್ಲ.

ಇವತ್ತು ಅವನು ಅದನ್ನು ಪೊರಕೆ ಕೊಟ್ಟಂತೆ ಕೊಟ್ಟ.

"ಹುಷಾರಾಗಿದೀಯ ತಾನೆ?" ಪ್ರಾಕ್ಟರ್ ನಂಬರು ಓದುತ್ತಲೇ ಕೇಳಿದ. "ನಿದ್ದೆ, ಊಟ?"

"ಎಲ್ಲಾ ಆಗ್ತಿದೆ."

"ಮನಸ್ಸಿಗೆ ಏನಾದ್ರೂ ಬೇಜಾರು? ಕೇಳ್ಲೇಬೇಕು ಅಂತ ರೂಲ್ಸು, ತಪ್ಪು ತಿಳ್ಕೋಬೇಡ."

"ಏನಿಲ್ಲಪ್ಪ."

"ಡಾಕ್ಟ್ರೂ ಏನಿಲ್ಲ ಅಂತಾನೇ ಹೇಳಿದಾರೆ ಬಿಡು."

ಡಾಕ್ಟರು ಏನಿಲ್ಲವೆಂದದ್ದು ವಿಲ್ಫ್ ಅವರ ಬಾಗಿಲಿಗೇ ಹೋಗಿರದಿದ್ದರಿಂದ. ಚಳಿಗಾಲ ಶುರುವಾದಾಗಿನಿಂದ ಡೋರೀನ್ ಹೇಳಿ ಹೇಳಿ ಸಾಕಾಗಿದ್ದಳು. "ಹೋದ್ರೆ ಕಂಪ್ಯೂಟರಲ್ಲಿ ನನ್ನ ಹೆಸರ ಮುಂದೆ ಗುರುತು ಹಾಕ್ತಾರೆ. ಗುರುತು ಬಿತ್ತು ಅಂದ್ರೆ ಮಾರನೇ ದಿನ ಇವು ಮನೆಯಿಂದ ಹೋದ್ವು ಅಂತಾನೇ ಲೆಕ್ಕ," ಎನ್ನುತ್ತಿದ್ದ ಅವನು. ಗುರಿ ಹೊಡೆಯುವ ಕ್ಲಬ್ಬಿನ ಗಂಡಸರಿಗೆಲ್ಲ ಇದೇ ಭಯ. ಮಂಡಿ ನೋವೆಂದು ಡಾಕ್ಟರ ಬಳಿ ಓಡುತ್ತಾರೆ, ಬದುಕು ಬೇಡವಾಗಿದೆ ಎಂದು ಒಬ್ಬನೂ ಹೋಗುವುದಿಲ್ಲ.

ಏನಾಯಿತು ಎಂದು ಕೇಳಿದರೆ ಏನೂ ಆಗಿರಲಿಲ್ಲ. ಯಾರೂ ಸತ್ತಿರಲಿಲ್ಲ. ಕಲ್ಲುಗಣಿಯ ಕೆಲಸದಿಂದ ನಿವೃತ್ತನಾಗಿ ಎಷ್ಟೋ ವರ್ಷವಾಗಿತ್ತು, ಆಗೆಲ್ಲ ಚೆನ್ನಾಗಿಯೇ ಇದ್ದ. ಕ್ರಿಸ್‌ಮಸ್ಸಿನ ಹೊತ್ತಿಗೆ ಮಾತು ಕಡಿಮೆಯಾಯಿತು, ಆಮೇಲೆ ಊಟ, ಆಮೇಲೆ ನಿದ್ರೆ. ಕಳೆದ ತಿಂಗಳು ಆಲೂಗಡ್ಡೆ ಸುಲಿಯುತ್ತ ಕೂತವನು ತಲೆಯೆತ್ತದೆ, "ನಾನಿಲ್ದಿದ್ರೆ ನಿಂಗೆ ಎಷ್ಟೋ ಸುಲಭ ಆಗತ್ತೆ ಹುಡ್ಗಿ," ಎಂದಿದ್ದ. ಅವಳು ಗದರಿ ಬಾಯಿ ಮುಚ್ಚಿಸಿದ್ದಳು. ಆಗ ಗದರಬಾರದಿತ್ತು ಎಂದು ಅವಳಿಗೆ ಈಗ ಅನಿಸುತ್ತದೆ. ಕೇಳಬೇಕಿತ್ತು.

ಆದರೂ ಭಾನುವಾರ ಬೆಳಿಗ್ಗೆ ಹೆನ್ರಿಯನ್ನು ಚೀಲಕ್ಕೆ ಹಾಕಿಕೊಂಡು ಕ್ಲಬ್ಬಿಗೆ ಹೋಗುತ್ತಿದ್ದ. ಅದೊಂದು ಎಳೆ ಉಳಿದಿತ್ತು, ಅದನ್ನು ಹಿಡಿದುಕೊಂಡೇ ಡೋರೀನ್ ವಾರ ದೂಡುತ್ತಿದ್ದಳು. ಶನಿವಾರ ಅಡುಗೆಮನೆಯ ಮೇಜಿನ ಮೇಲೆ ಸೀಸದ ಗುಂಡುಗಳಿಗೆ ತೆಳು ಕಾಗದ ಸುತ್ತಿಕೊಡುವುದು ಮೊದಲಿನಿಂದಲೂ ಅವಳ ಕೆಲಸ. ಒದ್ದೆ ಮಾಡಿದ ಕಾಗದ, ಸರಿಯಾಗಿ ಎರಡು ಸುತ್ತು, ಬುಡದಲ್ಲಿ ಒಂದು ತಿರುಚು. "ಬೇರೆ ಹೆಂಗಸ್ರು ಮೊಮ್ಮಕ್ಳಿಗೆ ಸ್ವೆಟರ್ ಹಾಕ್ತಾರೆ, ನಾನು ಗುಂಡಿಗೆ ಲಂಗ ತೊಡಿಸ್ತೀನಿ," ಎಂದು ಅಕ್ಕಪಕ್ಕದವರಿಗೆ ಹೇಳಿ ನಗುತ್ತಿದ್ದಳು.

ಭಾನುವಾರ ಸಂಜೆಯದು ಕೆಟಲ್ಲಿನ ಕೆಲಸ. ಕರಿಮದ್ದು ಸುಟ್ಟ ಮಸಿ ನಳಿಗೆಯಲ್ಲಿ ಒಂದು ರಾತ್ರಿ ಉಳಿದರೂ ಸಾಕು, ತೇವ ಎಳೆದುಕೊಂಡು ಉಕ್ಕನ್ನು ತಿನ್ನತೊಡಗುತ್ತದೆ. ಹಾಗಾಗಿ ವಿಲ್ಫ್ ಬೂಟು ಬಿಚ್ಚುವ ಮೊದಲೇ ಹಿತ್ತಲಲ್ಲಿ ಬಕೆಟ್ ಇಟ್ಟು, ನಳಿಗೆಯ ಬುಡಕ್ಕೆ ಆಲಿಕೆ ಸಿಕ್ಕಿಸಿ, ಕುದಿಯುವ ನೀರು ಹೊಯ್ಯುತ್ತಿದ್ದ. ಕೊಳೆತ ಮೊಟ್ಟೆಯ ವಾಸನೆ ಎದ್ದು ಪಕ್ಕದ ಮನೆಯವರು ಕಿಟಕಿ ಮುಚ್ಚಿಕೊಳ್ಳುತ್ತಿದ್ದರು. ಕೆಳಗೆ ಬರುವ ನೀರು ತಿಳಿಯಾಗುವವರೆಗೂ ಬಿಡುತ್ತಿರಲಿಲ್ಲ. ಕೊನೆಯ ಸಲ ಕೆಟಲ್ ಕೇಳುವಾಗ, "ಟೀಗೂ ಸೇರ್ಸಿ ಇಡು ಹುಡ್ಗಿ," ಎಂದು ಹಿತ್ತಲಿಂದಲೇ ಕೂಗುತ್ತಿದ್ದ. ಜ್ವರ ಬಂದಾಗಲೂ ತೊಳೆದಿದ್ದಾನೆ. ಮಗಳ ಮದುವೆಯ ಹಿಂದಿನ ದಿನವೂ ತೊಳೆದಿದ್ದಾನೆ.

ಮೊನ್ನೆ ಭಾನುವಾರ ಅವನು ಬಂದು ನೇರ ಮಹಡಿ ಹತ್ತಿದ. ಬೀರು ತೆಗೆದ ಸದ್ದು, ಹಾಕಿದ ಸದ್ದು. ಡೋರೀನ್ ಕೆಟಲ್ ಹಿಡಿದು ಮೆಟ್ಟಿಲ ಬುಡದಲ್ಲಿ ನಿಂತು, "ನೀರಿಡ್ಲಾ?" ಎಂದು ಕೇಳಿದಳು.

"ಬೇಡ," ಎಂದ ಅವನು ಮೇಲಿನಿಂದ.

ಅವತ್ತಿನಿಂದ ಅವಳು ಬೀರುವಿನ ಕೀಲಿ ಹುಡುಕುತ್ತಿದ್ದಳು. ಕೀಲಿ ಎಲ್ಲಿದೆಯೆಂದು ಹೆಂಡತಿಗೂ ಗೊತ್ತಿರಬಾರದು, ಅದು ಕಾನೂನು. ವಿಲ್ಫ್ ಕಾನೂನು ಮೀರುವವನಲ್ಲ. ಅವನು ಹೊರಗೆ ಹೋದ ಗಳಿಗೆಗಳಲ್ಲಿ ಗಡಿಯಾರದ ಹಿಂದೆ, ಹಿಟ್ಟಿನ ಡಬ್ಬಿಯಲ್ಲಿ, ಅವನ ಹಳೆಯ ಬೂಟಿನೊಳಗೆ ಕೈಹಾಕಿ ನೋಡಿದಳು. ಅವನ ಕೋಟಿನ ಜೇಬನ್ನು ಕಳ್ಳಿಯಂತೆ ತಡವಿದಳು. ಸಿಗಲಿಲ್ಲ. ಸಿಕ್ಕಿದ್ದರೆ ಏನು ಮಾಡುತ್ತಿದ್ದಳೋ ಅವಳಿಗೇ ಗೊತ್ತಿಲ್ಲ. ಕೊಳಕ್ಕೆ ಎಸೆಯುತ್ತಿದ್ದಳೇನೋ.

ಈಗ ಪ್ರಾಕ್ಟರ್ ಕೆಳಗೆ ಬಂದು ಅಡುಗೆಮನೆಯಲ್ಲಿ ಕೂತು ಕೇಕಿಗೆ ಬೆಣ್ಣೆ ಸವರಿಕೊಂಡ. ವಿಲ್ಫ್ ಇನ್ನೂ ಮೇಲೆ, ಬಂದೂಕುಗಳನ್ನು ಬೀರುವಿನೊಳಗೆ ಜೋಡಿಸುತ್ತಿದ್ದ.

"ನಿಮ್ಮನ್ನೂ ಕೇಳ್ಬೇಕು ಡೋರೀನ್," ಎಂದ ಪ್ರಾಕ್ಟರ್. "ಮನೇಲಿ ಏನಾದ್ರೂ ಚಿಂತೆ? ಅವ್ನ ಬಗ್ಗೆ, ಬಂದೂಕಿನ ಬಗ್ಗೆ?"

ಏನಿಲ್ಲ ಎನ್ನಬೇಕೆಂದು ಅವಳು ಬೆಳಿಗ್ಗೆಯಿಂದ ಗಟ್ಟಿ ಮಾಡಿಕೊಂಡಿದ್ದಳು. ಬಂದೂಕು ಹೋದರೆ ಭಾನುವಾರವೂ ಹೋಯಿತು. ಆಮೇಲೆ ಅವನು ಯಾವುದಕ್ಕಾಗಿ ಹಾಸಿಗೆ ಬಿಟ್ಟು ಏಳಬೇಕು? ತನ್ನ ಮುಖವನ್ನಾದರೂ ಮತ್ತೆ ನೋಡುತ್ತಾನೆಯೇ? ಏನಿಲ್ಲ ಎಂದರೆ ಪ್ರಾಕ್ಟರ್ ಸಹಿ ಹಾಕಿ ಹೋಗುತ್ತಾನೆ. ಬೀರು ಅಲ್ಲೇ ಇರುತ್ತದೆ. ಕೀಲಿ ವಿಲ್ಫ್‌ನ ಹತ್ತಿರವೇ ಇರುತ್ತದೆ.

"ಕೇಕು ಚೆನ್ನಾಗಿದೆ," ಎಂದ ಪ್ರಾಕ್ಟರ್.

"ಅದು ಮೋರಿ ವಾಸನೆ ಅಲ್ಲ," ಎಂದಳು ಡೋರೀನ್.

"ಯಾವ್ದು?"

"ಮೇಲೆ ಬಂತಲ್ಲ, ಅದು. ಹೆನ್ರಿ ನಳಿಗೆ ವಾಸನೆ. ಭಾನುವಾರ ಹೊಡ್ದು ತಂದಿದಾನೆ, ತೊಳ್ದಿಲ್ಲ."

ಪ್ರಾಕ್ಟರ್‌ಗೆ ಅರ್ಥವಾಗಲಿಲ್ಲ. "ಸೋಂಬೇರಿ ಆಗಿದಾನೆ ಬಿಡಿ, ವಯಸ್ಸಾಯ್ತಲ್ಲ," ಎಂದು ನಕ್ಕ.

"ಇಲ್ಲ, ಕೇಳಿ. ನಮ್ಮದುವೆ ಆದಾಗಿಂದ ಒಂದಿನ ತಪ್ಪಿಸಿದವ್ನಲ್ಲ. ಮುಂದಿನ ಭಾನುವಾರ ಅದು ಬೇಕು ಅಂತ ತಾನೆ ತೊಳೆಯೋದು? ತೊಳ್ದಿಲ್ಲ ಅವ್ನು. ಅವ್ನ ತಲೇಲಿ ಮುಂದಿನ ಭಾನುವಾರ ಅನ್ನೋದೇ ಇಲ್ಲ." ಅವಳು ಮೇಜಿನ ಅಂಚು ಹಿಡಿದುಕೊಂಡಳು. "ನಿದ್ದೆ ಮಾಡಲ್ಲ. ಉಣ್ಣಲ್ಲ. ನಾನಿಲ್ದಿದ್ರೆ ಸುಲಭ ಅಂತಾನೆ. ನಂಗೆ ಭಯ ಆಗತ್ತೆ ಪ್ರಾಕ್ಟರ್. ಕೀಲಿ ಹುಡುಕ್ದೆ, ಸಿಗ್ಲಿಲ್ಲ."

ಪ್ರಾಕ್ಟರ್ ಕೇಕನ್ನು ತಟ್ಟೆಗಿಟ್ಟು ಎದ್ದು ನಿಂತ. ತಿರುಗಿದರೆ ವಿಲ್ಫ್ ಬಾಗಿಲಲ್ಲಿದ್ದ. ಯಾವಾಗ ಇಳಿದು ಬಂದನೋ, ಎಷ್ಟು ಕೇಳಿಸಿಕೊಂಡನೋ.

"ಹೇಳ್ಬಿಟ್ಯಾ," ಎಂದ.

"ಹೇಳ್ದೆ."

"ಅವ್ನು ತಗೊಂಡ್ ಹೋಗ್ತಾನೆ. ಗೊತ್ತಲ್ವಾ ನಿಂಗೆ?"

"ಗೊತ್ತು."

ಬೈಯುತ್ತಾನೆಂದುಕೊಂಡಳು. ಬೈದಿದ್ದರೆ ಎಷ್ಟೋ ವಾಸಿ ಇತ್ತು. ಅವನು ಗೋಡೆ ಹಿಡಿದುಕೊಂಡು ಹೋಗಿ ಮೆಟ್ಟಿಲ ಮೇಲೆ ಕೂತ. ಪ್ರಾಕ್ಟರ್ ಕೈಚಾಚಿದಾಗ ಕೊರಳಿಗೆ ಬೆರಳು ಹಾಕಿ, ಅಂಗಿಯೊಳಗಿಂದ ದಾರಕ್ಕೆ ಕಟ್ಟಿದ್ದ ಕೀಲಿ ತೆಗೆದು ಕೊಟ್ಟ. ಅಷ್ಟು ದಿನ ಅದು ರಾತ್ರಿ ಅವಳ ಪಕ್ಕದಲ್ಲೇ ಮಲಗಿತ್ತು.

"ಸದ್ಯಕ್ಕೆ ಅಷ್ಟೇ ವಿಲ್ಫ್," ಎಂದ ಪ್ರಾಕ್ಟರ್. "ಡಾಕ್ಟ್ರು ಆಗ್ಬಹುದು ಅಂದ್ರೆ ವಾಪಸ್ ಬರ್ತವೆ. ಬರದೇನೂ ಇರ್ಬಹುದು. ಸುಳ್ಳು ಹೇಳಲ್ಲ ನಿಂಗೆ."

ಪ್ರಾಕ್ಟರ್ ಹೊರಗೆ ನಿಂತು ಆಸ್ಪತ್ರೆಗೆ ಫೋನು ಮಾಡಿದ. ಕಾಯಬೇಕಾಗುತ್ತದೆ ಎಂದವರಿಗೆ, ಕಾಯುವ ವಿಷಯ ಇದಲ್ಲ ಎಂದು ಗಟ್ಟಿಯಾಗಿಯೇ ಹೇಳಿದ್ದು ಒಳಗೂ ಕೇಳಿಸಿತು. ಮಧ್ಯಾಹ್ನ ಊಟವಾದ ಕೂಡಲೇ ಕರೆದುಕೊಂಡು ಬನ್ನಿ ಎಂದರಂತೆ. ಆಮೇಲೆ ಅವನು ಮಹಡಿ ಹತ್ತಿ ಇಳಿದು ಬ್ರಿಸ್ಟಲಿನದು, ಬರ್ಮಿಂಗ್‌ಹ್ಯಾಮಿನದು, ಕಾಗೆಯದು ಎಲ್ಲವನ್ನೂ, ತೋಟಾಗಳ ಪೆಟ್ಟಿಗೆಯನ್ನೂ ಕಾರಿನೊಳಗಿಟ್ಟು ಬೀಗ ಹಾಕಿದ. ಪ್ರತಿ ಸಲ ಮೆಟ್ಟಿಲ ಮೇಲೆ ಕೂತಿದ್ದ ವಿಲ್ಫ್‌ನನ್ನು ದಾಟಿ ಹೋಗಬೇಕಿತ್ತು, ಪ್ರತಿ ಸಲ ವಿಲ್ಫ್ ಗೋಡೆಗೆ ಸರಿದು ದಾರಿ ಬಿಟ್ಟ. ಕೊನೆಗೆ ಹೆನ್ರಿ ಇಳಿದು ಬಂತು.

"ಅದನ್ನ ಹಾಗೇ ಕೊಡಲ್ಲ," ಎಂದಳು ಡೋರೀನ್.

"ಡೋರೀನ್, ನೋಡಿ—"

"ಕೊಳೆ ಬಟ್ಟೆಲಿ ಯಾರನ್ನೂ ಈ ಮನೆಯಿಂದ ಕಳ್ಸಿಲ್ಲ ನಾನು. ತೊಳ್ದು ಕೊಡ್ತೀನಿ. ನೀವೇ ಹಿಡ್ಕೊಳ್ಳಿ ಬೇಕಾದ್ರೆ, ನಮ್ಮ ಕೈಗೆ ಕೊಡ್ಬೇಡಿ." ಅವಳಾಗಲೇ ಕೆಟಲ್ ಒಲೆಯ ಮೇಲಿಟ್ಟಾಗಿತ್ತು.

ಪ್ರಾಕ್ಟರ್ ಹಿತ್ತಲಲ್ಲಿ ಹೆನ್ರಿಯನ್ನು ಎರಡೂ ಕೈಯಲ್ಲಿ ಹಿಡಿದು, ಯಾರದೋ ಮಗುವನ್ನು ಹಿಡಿದವನಂತೆ ಸಂಕೋಚದಿಂದ ನಿಂತ. ಡೋರೀನ್ ಬಕೆಟ್ ಇಟ್ಟಳು, ಆಲಿಕೆ ತಂದಳು. ಕೆಟಲ್ ಸದ್ದು ಮಾಡತೊಡಗುತ್ತಲೇ ಎತ್ತಿಕೊಂಡು ಬಂದಳು. ಆಲಿಕೆಯನ್ನು ಎಲ್ಲಿ ಸಿಕ್ಕಿಸುವುದೆಂದು ತಿಳಿಯದೆ ಇಬ್ಬರೂ ತಡಕಾಡಿದರು. ಇಷ್ಟು ವರ್ಷ ಅವಳು ನೀರು ಕೊಟ್ಟಿದ್ದಳೇ ಹೊರತು ಹೊಯ್ದವಳಲ್ಲ.

"ಅದು ಕುದ್ದಿಲ್ಲ," ಎಂದ ವಿಲ್ಫ್.

ಅವನು ಹಿತ್ತಲ ಬಾಗಿಲಿಗೆ ಒರಗಿ ನಿಂತಿದ್ದ. ಬರಿಗಾಲಲ್ಲಿದ್ದ.

"ಬರೀ ಬಿಸಿ ಇದ್ರೆ ಆಗಲ್ಲ. ಕುದೀಬೇಕು. ಉಕ್ಕು ಕಾಯ್ಬೇಕು, ಆಗ ತಾನಾಗೇ ಒಣಗತ್ತೆ." ಒಂದು ಹೆಜ್ಜೆ ಮುಂದೆ ಬಂದು, "ಬುಡದ ಬ್ಲಾಕು ತೆಗೀಬೇಕು ಮೊದ್ಲು. ಹಂಗೇ ಹೊಯ್ದ್ರೆ ನೀರೆಲ್ಲ ಒಳಗೆ ನಿಲ್ಲತ್ತೆ," ಎಂದ.

ಪ್ರಾಕ್ಟರ್ ಡೋರೀನಳ ಮುಖ ನೋಡಿದ. ಆಮೇಲೆ ಬಂದೂಕನ್ನು ಕೈಯಿಂದ ಬಿಡದೆ, ಅದರ ಬುಡವನ್ನು ವಿಲ್ಫ್‌ನ ಕಡೆಗೆ ಚಾಚಿದ. ವಿಲ್ಫ್ ಸನ್ನೆಕೋಲು ಒತ್ತಿ, ಬ್ಲಾಕನ್ನು ಹಿಡಿದಿದ್ದ ಮೊಳೆ ಎಳೆದ. ಉಕ್ಕಿನ ತುಂಡು ಅವನ ಅಂಗೈಗೆ ಇಳಿಯಿತು. ಅದನ್ನು ಪ್ರಾಕ್ಟರ್‌ನ ಕೋಟಿನ ಜೇಬಿಗೆ ಅವನೇ ಹಾಕಿದ. "ಇದಿಲ್ದೆ ಇದು ಬರೀ ಕೊಳವೆ," ಎಂದ.

ನೀರು ಕುದಿಯಿತು. ಪ್ರಾಕ್ಟರ್ ಟೈಯನ್ನು ಹೆಗಲ ಮೇಲೆ ಎಸೆದುಕೊಂಡು ಆಲಿಕೆ ಹಿಡಿದ, ವಿಲ್ಫ್ ಹೊಯ್ದ. ಬಕೆಟ್ಟಿಗೆ ಮೊದಲು ಕರಿ ನೀರು ಬಂತು, ಅದರ ಹಿಂದೆಯೇ ಕೆಂಪು ನೀರು. ಎಂದೂ ಕೆಂಪು ಬಂದಿರಲಿಲ್ಲ.

ವಿಲ್ಫ್ ಬಕೆಟ್ಟನ್ನೇ ನೋಡುತ್ತ ನಿಂತ. "ತುಕ್ಕು ಹಿಡಿಸ್ಬಿಟ್ಟೆ," ಎಂದ. "ನೂರೈವತ್ತು ವರ್ಷದಿಂದ ಒಬ್ರೂ ಹಿಡಿಸಿರ್ಲಿಲ್ಲ. ನೋಡು ಹುಡ್ಗಿ, ಏನ್ ಮಾಡ್ಬಿಟ್ಟೆ ನಾನು." ಚಳಿಗಾಲದಿಂದ ಒಂದು ಹನಿ ಕಣ್ಣೀರು ಹಾಕದವನು ಪೊಲೀಸಿನವನ ಎದುರಿಗೆ, ಕೆಟಲ್ ಹಿಡಿದುಕೊಂಡು ಅತ್ತ. ಡೋರೀನ್ ಅವನ ಕೈಯಿಂದ ಕೆಟಲ್ ತೆಗೆದುಕೊಂಡಳು, ಇನ್ನೊಂದು ಕೈಯಿಂದ ಅವನ ತೋಳು ಹಿಡಿದುಕೊಂಡಳು. ಪ್ರಾಕ್ಟರ್ ಪಕ್ಕದ ಮನೆಯ ಬೇಲಿಯ ಕಡೆಗೆ ನೋಡುತ್ತಿದ್ದ.

ಆಮೇಲೆ ವಿಲ್ಫ್ ಅಂಗಿಯ ತೋಳಿನಲ್ಲಿ ಮುಖ ಒರೆಸಿಕೊಂಡ. ಪ್ರಾಕ್ಟರ್ ನಳಿಗೆಯನ್ನು ಆಕಾಶದ ಕಡೆಗೆ ಎತ್ತಿ ಹಿಡಿದ. ವಿಲ್ಫ್ ಬಗ್ಗಿ, ಅದರ ತೆರೆದ ಬುಡಕ್ಕೆ ಕಣ್ಣಿಟ್ಟು ನೋಡಿದ. ಆ ತುದಿಯಿಂದ ಬಂದ ಬೆಳಕು ಅವನ ಒದ್ದೆ ಕೆನ್ನೆಯ ಮೇಲೆ ಸಣ್ಣ ಬಿಲ್ಲೆಯಾಗಿ ಬಿದ್ದಿತ್ತು.

"ಗುಳಿ ಬಿದ್ದಿದ್ಯಾ?" ಡೋರೀನ್ ಕೇಳಿದಳು.

"ಗೊತ್ತಾಗ್ತಿಲ್ಲ. ಇನ್ನೂ ಕೊಳೆ ಇದೆ." ಅವನು ಕಣ್ಣು ತೆಗೆಯಲಿಲ್ಲ. "ಇನ್ನೊಂದು ಕೆಟಲ್ ಬೇಕು."

ಅವಳು ಒಳಗೆ ಹೋಗಿ ನಲ್ಲಿಯ ಕೆಳಗೆ ಕೆಟಲ್ ಹಿಡಿದು ನಿಂತಳು. ಹಿತ್ತಲಿಂದ ಭಾನುವಾರದ ಆ ಇನ್ನೊಂದು ಮಾತು, ಟೀಯದು, ಬರುತ್ತದೇನೋ ಎಂದು ಕಾದಳು. ಬರಲಿಲ್ಲ. ನಲ್ಲಿ ತಿರುಗಿಸಿ, ಮೂವರ ಟೀಗೂ ಸೇರಿಸಿ, ಕೆಟಲನ್ನು ಬಾಯಿಮಟ್ಟ ತುಂಬಿದಳು.