ಆ ಮಾತು ನಂಗ್ ಬರಲ್ಲ

"ಏಯ್ ಡೊರೊಬೊ ಮುದುಕಾ! ಮನುಷ್ಯರ ಮಾತಲ್ಲಿ ಬೊಗಳೋ! ಹಕ್ಕಿ ಥರ ಚಿಲಿಪಿಲಿ ಅಂದ್ರೆ ಯಾವ ಬೋಳಿಮಗನಿಗೆ ತಿಳೀತದೆ?"

ಹೊಲದೊಡೆಯ ಮ್ಗಾಯಾ ಹೀಗೆ ಗದರಿದಾಗ ಕಾಡು ಸವರುತ್ತಿದ್ದ ಆಳುಗಳೆಲ್ಲ ನಕ್ಕರು. ನಾಯೆಕುವೂ ನಕ್ಕಳು. ಆ ಮುದುಕ ಲೆಮಾಲಿ, ಅವಳ ಅಪ್ಪ.

ಕೂಲಿಗೆ ಸೇರುವಾಗ ಅವಳು ತಾನು ಮಸಾಯಿ ಎಂದಿದ್ದಳು. ಜನ ಹಳಿದು ಡೊರೊಬೊ ಎನ್ನುವ ಕಾಡಿನ ಅಕಿಯೆ ಕುಲದವಳು ಎಂದಿದ್ದರೆ ಆಳುಗಳು ತಮ್ಮ ತಟ್ಟೆಯ ಉಗಾಲಿ ಮುದ್ದೆಗೆ ಕೈಹಾಕಲು ಬಿಡುತ್ತಿರಲಿಲ್ಲ. ಮಕ್ಕಳಿಗೂ ಸ್ವಾಹಿಲಿಯನ್ನೇ ಕಲಿಸಿದಳು. ಅಪ್ಪ ಬಂದರೆ ಗುಡಿಸಲ ಹಿಂದೆ ಕೂರಿಸಿ ಅಕಿಯೆ ಮಾತಲ್ಲಿ ಪಿಸುಗುಟ್ಟುತ್ತಿದ್ದಳು.

ಲೆಮಾಲಿ ಜಾಲಿಮರವನ್ನು ತಬ್ಬಿ ನಿಂತಿದ್ದ. ಮೇಲೆ, ಜೇನು ಕೂರಲೆಂದು ಅವನು ಕಟ್ಟಿದ್ದ ಟೊಳ್ಳು ಕೊರಡು. ತೊಗಟೆಯಲ್ಲಿ ಮನೆತನದ ಗುರುತು, ಮೂರು ಕಚ್ಚು. ಜೇನು ಇಳಿಸಿದಾಗ ಮೊದಲ ತೊಟ್ಟನ್ನು ಈ ಬುಡಕ್ಕೆ ಬಿಟ್ಟು ಸತ್ತವರನ್ನು ಹೆಸರು ಹಿಡಿದು ಕರೆಯಬೇಕು. ಸತ್ತವರಿಗೆ ಅಕಿಯೆ ಬಿಟ್ಟರೆ ಬೇರೆ ಮಾತು ತಿಳಿಯದು.

ಜಗಳ ತೀರಿಸಲು ಬಂದಿದ್ದ ಊರ ಅಧ್ಯಕ್ಷ ಆಕಳಿಸುತ್ತ ಕಚ್ಚುಗಳತ್ತ ಕೈ ತೋರಿಸಿದ. "ಗುರುತು ಯಾರು ಹಾಕಿದ್ದು, ಎಷ್ಟು ತಲೆಮಾರಾಯ್ತು ಅಂತ ಹೇಳ್ಲಿ. ಬರ್ಕೋತೀನಿ. ಈ ಮರ ಬಿಟ್ಟು ಉಳಿದದ್ದು ಕಡೀರಿ ಅಂತೀನಿ."

ಲೆಮಾಲಿ ಮಗಳ ಕಡೆ ತಿರುಗಿದ. ಅಕಿಯೆಯಲ್ಲಿ ಅಂದ, "ನನ್ನಜ್ಜ ಹಾಕಿದ ಕಚ್ಚು ಅಂತ ಹೇಳವ್ವಾ. ನಿನ್ನವ್ವನ್ನೂ ಇಲ್ಲೇ ಕರೀತೀವಲ್ಲ. ಅಷ್ಟು ಹೇಳಿದ್ರೆ ಸಾಕು."

ಎಲ್ಲರ ಕಣ್ಣು ಅವಳ ಮೇಲೆ ಬಿತ್ತು.

"ಏನೇ, ತಿಳೀತಾ ನಿಂಗೆ?" ಮ್ಗಾಯಾ ಕೇಳಿದ. "ನೀನೂ ಅದೇ ಕುಲಾನಾ?"

ದಿನವೂ ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದ ಜೆನಾ ಅರ್ಧ ಹೆಜ್ಜೆ ಹಿಂದೆ ಸರಿದಳು.

"ಥೂ! ಆ ಮಾತು ನಂಗೆಲ್ಲಿ ಬರ್ಬೇಕು ಧಣಿ? ಯಾರೋ ಹುಚ್ಚ್ ಮುದುಕ."

ಇಲ್ಲ ಎಂದಿದ್ದರೆ ಸಾಕಿತ್ತು. 'ಥೂ' ಎನ್ನು ಎಂದು ಯಾರೂ ಕೇಳಿರಲಿಲ್ಲ.

ಇಬ್ಬರು ಲೆಮಾಲಿಯನ್ನು ಎಳೆದು ಹಾಕಿದರು. ಹೊಗೆ ಹಾಕಿ ಜೇನ್ನೊಣ ಓಡಿಸಿದರು. ಮಧ್ಯಾಹ್ನಕ್ಕೆ ಮರ ಉರುಳಿತು. ಕೊರಡು ಸೀಳಿ, ಬುಡಕ್ಕೆ ಒಂದು ತೊಟ್ಟೂ ಬಿಡದೆ ತಿಂದರು. ಮ್ಗಾಯಾ ಒಂದು ತುಂಡು ಜೇನುಹುಟ್ಟು ನಾಯೆಕುವಿನತ್ತ ಎಸೆದ. ಅವಳು ಹಿಡಿದಳು. ಜೆನಾ ನೋಡುತ್ತಿದ್ದಳು, ಅದಕ್ಕೇ ನಾಯೆಕು ತಿಂದಳು.

ಲೆಮಾಲಿ ಎದ್ದು ಬಂದ. ಸಂತೆಯಲ್ಲಿ ಉಪ್ಪು ಬೇಡಲು ಕಲಿತಿದ್ದ ನಾಲ್ಕು ಸ್ವಾಹಿಲಿ ಮಾತು ಅವನಿಗಿತ್ತು. ಮಗಳ ಮುಂದೆ ತಲೆ ತಗ್ಗಿಸಿ, ಅವನ್ನೇ ತಡವರಿಸುತ್ತ ಜೋಡಿಸಿದ.

"ಅಮ್ಮಾವ್ರೇ... ತಪ್ಪಾಯ್ತು. ನಿಮ್ ಕೆಲ್ಸಕ್ಕೆ ಅಡ್ಡ ಬಂದೆ."

ಅವಳ ಬಾಯಲ್ಲಿನ್ನೂ ಜೇನಿತ್ತು.

"ಇರ್ಲಿ ಹೋಗಿ ಯಜಮಾನ್ರೇ," ಎಂದಳು, ಸ್ವಾಹಿಲಿಯಲ್ಲೇ.